ಅಮ್ಮನನ್ನು ಮಂಚಕ್ಕೆ ಕಟ್ಟದಿದ್ದ ವಾರ

ಅಮ್ಮ ಮಂಚದಿಂದ ಬೀಳಬಹುದಿತ್ತು. ಬಿದ್ದು ಸೊಂಟ ಮುರಿದುಕೊಳ್ಳಬಹುದಿತ್ತು. ಯಾರಿಗೂ ಹೇಳದೆ ಬಾವಿಯ ಕಡೆ ನಡೆಯಬಹುದಿತ್ತು, ಒಲೆಯ ಕೆಂಡಕ್ಕೆ ಸೆರಗು ತಾಕಿಸಿಕೊಳ್ಳಬಹುದಿತ್ತು, ಹತ್ತಿರದ ಹುತ್ತೂರಿನಲ್ಲಿ ಬಸ್ಸು ಹತ್ತಿ ತವರಿಗೆಂದು ಹೊರಟೇಬಿಡಬಹುದಿತ್ತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ ಎಂಬುದು ಬೇರೆ ಮಾತು. ಕೋಲಾರದ ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತರುವಷ್ಟರಲ್ಲಿ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದ ಅಮ್ಮ ಗ್ಲೂಕೋಸಿನ ಸೂಜಿ ಕಿತ್ತುಕೊಳ್ಳುತ್ತಿದ್ದಳೆಂದು ನರ್ಸಮ್ಮ ಅವಳ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಅಂದಿನಿಂದ ಅಮ್ಮ ಮಾತು ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮನೆಗೆ ಕಳಿಸುವಾಗ ನರ್ಸಮ್ಮ, "ಮರೆವು ಜಾಸ್ತಿ ಆಗಿದೆ, ಕಾಲಲ್ಲಿ ಶಕ್ತಿ ಇಲ್ಲ. ಹತ್ರ ಯಾರೂ ಇಲ್ದಾಗ ಮೆತ್ತನೆ ಬಟ್ಟೇಲಿ ಕಟ್ಟಿ" ಎಂದರು. ನನ್ನಂಥವನಿಗೆ ಅಷ್ಟು ಸಾಕು. ಬಂದವನೇ ಹಳೆಯ ಪಂಚೆಯೊಂದನ್ನು ಉದ್ದುದ್ದ ಹರಿಯಲು ಕೂತೆ.

"ಏಮಿರಾ, ನಾನೇನು ಹಸುನಾ, ಗೂಟಕ್ಕೆ ಕಟ್ಟೋಕೆ?" ಎಂದಳು ಅಮ್ಮ. ಸಿಟ್ಟು ಬಂದರೆ ಅವಳ ಮಾತು ತೆಲುಗಿನಲ್ಲಿ ಶುರುವಾಗುತ್ತಿತ್ತು.

"ಬಿದ್ರೆ ಏನಮ್ಮ ಗತಿ?"

"ಬಿದ್ರೆ ಏಳ್ತೀನಿ. ಕಟ್ಟಾಕಿದ್ರೆ ಹೆಂಗೋ ಏಳೋದು?"

ಹೆಂಡತಿ ನನ್ನ ಕೈಯಿಂದ ಪಂಚೆ ಕಿತ್ತುಕೊಂಡಳು. "ಮೊದ್ಲು ನಿಮ್ಮನ್ನ ಕಟ್ಟಾಕ್ಬೇಕು. ಅತ್ತೇನ ಹುಳದ ಮನೇಲಿ ಮಲಗಿಸ್ಕೊತೀನಿ ಬಿಡಿ, ಹಗಲೆಲ್ಲಾ ನಾನಲ್ಲೇ ಇರ್ತೀನಲ್ಲ."

ರೇಷ್ಮೆ ಹುಳ ಸಾಕುವ ಆ ಕೋಣೆಯ ನೆಲದ ಮೇಲೆ ಹಾಸಿಗೆ ಹಾಸಿದೆವು; ಬೀಳಲು ಮಂಚವೇ ಇರಲಿಲ್ಲ. ಅಮ್ಮ ಗೋಡೆಗೊರಗಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದಳು, ಸೊಸೆಯ ತೋಳು ಹಿಡಿದು ಬಿದಿರಿನ ತಟ್ಟೆಗಳ ನಡುವೆ ಓಡಾಡಿದಳು, ಹೊತ್ತುಹೊತ್ತಿಗೆ ಕೇಳಿ ಮುದ್ದೆ ಉಂಡಳು. ಅತ್ತೆ ಸೊಸೆ ಇಬ್ಬರೂ ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ನಾನು ಕಚೇರಿಗೆ ರಜೆ ಹಾಕಿ ಹೊಸ್ತಿಲಲ್ಲಿ ಕಾವಲು ಕೂತಿದ್ದೆ.

"ಅತ್ಲಾಗೆ ಜರುಗೋ, ಸೊಪ್ಪು ತುಳೀತಿದ್ದೀಯ" ಎಂದು ಆಗಾಗ ಅಮ್ಮನಿಂದ ಬೈಸಿಕೊಂಡದ್ದೂ ಉಂಟು.

ಆ ವಾರ ಹುಳಗಳು ಕೊನೆಯ ಜ್ವರಕ್ಕೆ ಕೂತವು. ಪೊರೆ ಬಿಡುವ ಮುನ್ನ ಅವು ತಲೆಯೆತ್ತಿ ಅಲುಗದೆ ಇರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ; ಆಗ ಸೊಪ್ಪು ಹಾಕಬಾರದು, ಹಾಕಿದರೆ ಎಲ್ಲವೂ ಒಟ್ಟಿಗೆ ಪೊರೆ ಬಿಡದೆ ಹಿಂದೆ ಬೀಳುತ್ತವೆ. ಇದನ್ನು ನನ್ನ ಹೆಂಡತಿಗೆ ಕಲಿಸಿದವಳೇ ಅಮ್ಮ. ಹೆಂಡತಿ ನೀರು ಸೇದಲು ಹೋಗಿದ್ದಾಗ ಅಮ್ಮ ಮಡಿಲಲ್ಲಿದ್ದ ಸೊಪ್ಪನ್ನೆಲ್ಲ ಕೆಳಗಿನ ತಟ್ಟೆಗೆ ಸುರಿದುಬಿಟ್ಟಳು. ನಾನು ಹೊಸ್ತಿಲಲ್ಲೇ ಇದ್ದೆ. ಅವಳು ಎಲ್ಲಿ ಎದ್ದುಬಿಡುತ್ತಾಳೋ ಎಂದು ಕಾಲನ್ನೇ ಕಾಯುತ್ತಿದ್ದೆ, ಕೈಯನ್ನು ನೋಡಲಿಲ್ಲ.

"ಪಾಪ, ಹಸ್ಕೊಂಡು ಬಾಯೆತ್ಕೊಂಡ್ ಕೂತವೆ ಕಣೇ" ಎಂದಳು, ಬಿಂದಿಗೆ ಹಿಡಿದು ಒಳಬಂದ ಸೊಸೆಗೆ.

ಆ ಒಂದು ತಟ್ಟೆಯ ಹುಳಗಳು ಉಳಿದವಕ್ಕಿಂತ ಒಂದು ದಿನ ತಡವಾಗಿ ಗೂಡು ಕಟ್ಟಿದವು.