ನನಗೆ ಒಲಿಯದ ಸನಾದಿ

ದಾದರಿನ ವಾದ್ಯದಂಗಡಿಯಲ್ಲಿ ನಿನ್ನೆ ಒಂದು ಸನಾದಿ ಕಂಡಿತು. "ಕಾಕಾ, ವಾಜವೂನ್ ಬಘಾ," ಎಂದು ಅಂಗಡಿಯವನು ಊದಿನೋಡಲು ಕೊಟ್ಟ. ಊದುವ ತುದಿಗೆ ಸಿಕ್ಕಿಸುವ ಒಣಗರಿಯ ಪೀಪಿ ತುಟಿಗೆ ತಾಗಿದ್ದೇ ತಡ, ನಾನು ಊರಿನಲ್ಲಿ ಅಜ್ಜನ ಪಕ್ಕ ಕೂತಿದ್ದೆ.

ನಮ್ಮಜ್ಜ ಮದುವೆಗಳಲ್ಲಿ ಸನಾದಿ ಊದುತ್ತಿದ್ದ. ಮೊದಲು ಪೀಪಿಯನ್ನು ಬಾಯಲ್ಲಿಟ್ಟು ನೆನೆಸಬೇಕು, ಅಲ್ಲಿಯತನಕ ಮಾತಾಡುವಂತಿಲ್ಲ. ಅಜ್ಜಿ ತನ್ನ ಸಿಟ್ಟನ್ನೆಲ್ಲ ಆ ಹೊತ್ತಿಗೇ ಕೂಡಿಟ್ಟುಕೊಳ್ಳುತ್ತಿದ್ದಳು. "ಈಗ ಮಾತಾಡ್ರಿ ನೋಡೂಣು!" ಎಂದು ಬೈಯುತ್ತಿದ್ದರೆ ಅಜ್ಜ ಕಣ್ಣಲ್ಲೇ ನಗುತ್ತಿದ್ದ.

ಪಪ್ಪಾಯಿ ದಂಟು, ಜೋಳದ ದಂಟು, ಹಾವಾಡಿಗರ ಪುಂಗಿ, ಎಲ್ಲವನ್ನೂ ಊದಿ ಓಣಿಯ ನಾಯಿಗಳನ್ನು ಓಡಿಸಿದ ಶೂರ ನಾನು. ಸನಾದಿ ಮಾತ್ರ ನನಗೆ ಸೊಪ್ಪು ಹಾಕಲಿಲ್ಲ. ಪೀಪಿ ನೆನೆಯುವ ಮೊದಲೇ ನನಗೆ ಏನಾದರೂ ಹೇಳುವುದು ನೆನಪಾಗಿ ಬಾಯಿಂದ ತೆಗೆದುಬಿಡುತ್ತಿದ್ದೆ. ಆಮೇಲೆ ಎಷ್ಟು ಊದಿದರೂ ಬರೀ ಗಾಳಿ.

"ನೀ ಸುಮ್ನ ಕುಂತ ದಿನಾ ಅದು ನುಡೀತೈತಿ, ತಮ್ಮಾ. ಅದನ್ನ ಕೇಳೇ ನಾ ಹೋಗಾಂವ," ಅನ್ನುತ್ತಿದ್ದ ಅಜ್ಜ. ಕೇಳದೆಯೇ ಹೋದ.

ನಿನ್ನೆ ಪೀಪಿ ನೆನೆಯುವವರೆಗೆ ನಾನು ಬಾಯಿ ಬಿಡಲಿಲ್ಲ. ಅಂಗಡಿಯವನು ಬೆಲೆ ಹೇಳಿದ, ಏನೇನೋ ಕೇಳಿದ, ಬರೀ ತಲೆಯಾಡಿಸಿದೆ. ಆಮೇಲೆ ಊದಿದೆ. ಒಂದೇ ಸ್ವರ, ಸ್ವಲ್ಪ ಒಡೆದರೂ ಉದ್ದಕ್ಕೆ ಬಂತು. ಹೊರಗೆ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು.

"ಕುಠೇ ಶಿಕ್‌ಲಾತ್, ಕಾಕಾ?" ಅಂಗಡಿಯವನು ಕೇಳಿದ.

ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ತಾಸುಗಟ್ಟಲೆ ಕೊಚ್ಚಿಕೊಳ್ಳುವವನು ನಾನು. ಪೀಪಿಯನ್ನು ಬಾಯಿಂದ ತೆಗೆದೆ. ಮಾತೇ ಬರಲಿಲ್ಲ.