ಮೂರನೇ ಹಾಸು

ಆ ದಿನ ನನ್ನ ಗಂಡ ಆರ್ವಿಡ್ ಬೆಳಿಗ್ಗೆಯಿಂದ ಮನೆಯ ಮಾಡಿನ ಮೇಲಿದ್ದ. ನಾನು ಕೆಳಗೆ ಅಡುಗೆಮನೆಯಲ್ಲಿದ್ದೆ. ತಲೆಯ ಮೇಲೆ ಸುತ್ತಿಗೆಯ ಸದ್ದು. ನಾಲ್ಕು ಮೊಳೆ ಹೊಡೆಯುತ್ತಿದ್ದ, ಮೊಣಕಾಲಿನ ಮೇಲೆ ಪಕ್ಕಕ್ಕೆ ಸರಿಯುತ್ತಿದ್ದ, ಮತ್ತೆ ನಾಲ್ಕು ಮೊಳೆ. ಅವನು ಎಲ್ಲಿದ್ದಾನೆಂದು ನೋಡುವ ಅಗತ್ಯವೇ ಇರಲಿಲ್ಲ. ಒಲೆಯ ಮೇಲೆ ಬಂದ, ಮೇಜಿನ ಮೇಲೆ ಬಂದ, ಈಗ ಕಿಟಕಿ ದಾಟಿದ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು.

ನವೆಂಬರ್ ತಿಂಗಳು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಿಮ ಇನ್ನೂ ಬಿದ್ದಿರಲಿಲ್ಲ. ಆ ವಾರದ ಕೊನೆಗೆ ಜಿಂಕೆ ಬೇಟೆ ಶುರುವಾಗುವುದಿತ್ತು. ನಮ್ಮ ಕಡೆ ಬೇಟೆ ಶುರುವಾಗುವ ದಿನ ಗಂಡಸರು ಯಾರೂ ಮನೆಯಲ್ಲಿರುವುದಿಲ್ಲ. ಶಾಲೆಗೂ ರಜೆ. ಅಷ್ಟರೊಳಗೆ ಮಾಡಿನ ಕೆಲಸ ಮುಗಿಸಿ ಕಾಡಿಗೆ ಹೋಗಬೇಕೆಂದು ಅವನ ಹಟ. ಬೇಸಿಗೆಯಲ್ಲೇ ಮಾಡಬಹುದಿತ್ತು. ಆದರೆ ಅವನು ಕೌಂಟಿಯ ರಸ್ತೆ ಇಲಾಖೆಯಲ್ಲಿದ್ದವನು. ಬೇಸಿಗೆಯೆಲ್ಲ ರಸ್ತೆಗೆ ಡಾಂಬರು ಹಾಕುವುದೇ ಕೆಲಸ. “ಹಗಲೆಲ್ಲ ಊರಿನ ಡಾಂಬರು, ಸಂಜೆ ಮನೇದು ಬೇರೆ ಯಾರಿಗೆ ಬೇಕು?” ಎನ್ನುತ್ತಿದ್ದ. ನಮ್ಮ ಮನೆಗಳ ಮಾಡಿಗೆ ಹೊದಿಸುವುದೂ ಡಾಂಬರಿನ ಹಾಳೆಯೇ, ಮೇಲೆ ಕಲ್ಲಿನ ಹರಳು ಅಂಟಿಸಿರುತ್ತಾರೆ. ಶಿಂಗಲ್ ಎನ್ನುತ್ತೇವೆ. ಮೇಲಂಚಿಗೆ ಮೊಳೆ ಹೊಡೆದರೆ ಸಾಲದು, ಕೆಳಗಿನ ಡಾಂಬರಿನ ಪಟ್ಟಿ ಬಿಸಿಲಿಗೆ ಮೆತ್ತಗಾಗಿ ಅಂಟಿಕೊಳ್ಳಬೇಕು. ನಮ್ಮವು ಹಳೆಯದಾಗಿ ಹರಳೆಲ್ಲ ಉದುರಿ, ಅಂಚು ಸುರುಳಿಯಾಗಿದ್ದವು.

ಮಧ್ಯಾಹ್ನ ಅವನ ತಮ್ಮ ರೂಡಿ ಬಂದ. ರೂಡಿಗೆ ಮಾಡು ಹೊದಿಸುವುದೇ ಕಸುಬು. ಟ್ರಕ್ಕಿನಿಂದ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ಏ ಆರ್ವಿಡ್! ಜಿಂಕೆ ಅಲ್ಲಿ ಮೇಲಿರಲ್ಲ ಕಣೋ!”

“ನೀನು ಬಂದೂಕು ಹಿಡಿದ್ರೆ ಕಾಡಲ್ಲೂ ಇರಲ್ಲ,” ಎಂದ ಆರ್ವಿಡ್.

“ಹಳೇದು ಕಿತ್ತೇ ಇಲ್ವಲ್ಲೋ! ಅಪ್ಪ ಹಾಕಿದ್ದು ಒಂದು, ಅದರ ಮೇಲೆ ನೀನು ಹಾಕಿದ್ದು ಒಂದು, ಈಗ ಇನ್ನೊಂದು. ಮನೆಗೇನು ಮೂರು ಮೂರು ಕೋಟು ತೊಡಿಸ್ತೀಯಾ?”

“ಚಳಿಗಾಲ ಅಲ್ವಾ. ತೊಡ್ಕೊಳ್ಳಲಿ ಬಿಡು.”

“ತಮಾಷೆ ಅಲ್ಲ ಕಣೋ. ಈ ಚಳೀಲಿ ಅದು ಅಂಟಲ್ಲ. ಒಂದು ಗಾಳಿ ಬೀಸಿದ್ರೆ ಕೋಳಿ ಪುಕ್ಕದ ಹಾಗೆ ಏಳುತ್ತೆ. ಮೇ ತಿಂಗಳಲ್ಲಿ ನಾನೇ ಹುಡುಗರನ್ನ ಕರ್ಕೊಂಡು ಬರ್ತೀನಿ.”

“ಬೇಸಿಗೇಲಿ ಬಿಸಿಲೇ ಅಂಟಿಸುತ್ತೆ. ನಿನ್ನ ಹುಡುಗರು ಬೇಡ.”

“ಎಲ್ಸೀ, ನೀನಾದ್ರೂ ಹೇಳು ಇವನಿಗೆ.”

“ನನ್ನ ಮಾತು ಕೇಳೋನಾಗಿದ್ರೆ ಇಷ್ಟೊತ್ತಿಗೆ ಊಟಕ್ಕೆ ಇಳಿದಿರ್ತಿದ್ದ,” ಎಂದೆ ನಾನು ಅಡುಗೆಮನೆಯ ಕಿಟಕಿಯಿಂದ.

ರೂಡಿ ನಕ್ಕು ಹೋದ. ಆರ್ವಿಡ್ ಊಟಕ್ಕೆ ಇಳಿಯಲಿಲ್ಲ. ಕತ್ತಲಾಗುವ ಮುಂಚೆ ರಸ್ತೆ ಕಡೆಯ ಇಳಿಜಾರು ಪೂರ್ತಿಯಾಯಿತು. ಹಿತ್ತಿಲ ಕಡೆಯದು ಬಾಕಿ. ಇಳಿದು ಬಂದು ಬಾಗಿಲಲ್ಲಿ ನಿಂತು ಕರೆದ.

“ಮುದುಕೀ, ರಸ್ತೆಗೆ ಬಂದು ನೋಡು.”

ಏಪ್ರನ್ನಿನಲ್ಲೇ ಹೋದೆ. ಹೊಸ ಹಾಳೆಗಳು ಹಸಿರು ಬಣ್ಣದವು. ಸಾಲುಗಳು ದಾರ ಹಿಡಿದ ಹಾಗಿದ್ದವು.

“ಹೇಗಿದೆ?”

“ನೆಟ್ಟಗಿದೆ.”

“ಅಷ್ಟೇನಾ?”

“ಅಷ್ಟೇ. ಸೂಪ್ ತಣ್ಣಗಾಗ್ತಿದೆ, ಬಾ.”

ಅವನು ನಕ್ಕ. ಒಳಗೆ ಹೋದೆವು. ಮರುದಿನ ಬೆಳಿಗ್ಗೆ ಒಲೆಯ ಪಕ್ಕ ಕೂತು ಬೂಟು ಹಾಕಿಕೊಳ್ಳುತ್ತಿದ್ದವನು ಹಾಗೇ ಒರಗಿದ. ಒಂದು ಕಾಲಿಗೆ ಬೂಟಿತ್ತು. ಇನ್ನೊಂದು ಕೈಯಲ್ಲಿತ್ತು. ಹೃದಯ ನಿಂತಿತು ಎಂದರು ಡಾಕ್ಟರು.

ಬೇಟೆಗೆ ಹಿಂದಿನ ದಿನ ಮಣ್ಣು ಮಾಡಿದೆವು. ಅರ್ಧ ಗಂಡಸರು ಕಿತ್ತಳೆ ಬಣ್ಣದ ಬೇಟೆಯ ಕೋಟು ತೊಟ್ಟೇ ಚರ್ಚಿಗೆ ಬಂದಿದ್ದರು. ನನಗೆ ಬೇಸರವಾಗಲಿಲ್ಲ. ಅವರಲ್ಲಿ ಯಾರು ಸತ್ತಿದ್ದರೂ ಆರ್ವಿಡ್ ಹಾಗೇ ಬರುತ್ತಿದ್ದ. ಮಣ್ಣು ಮಾಡಿ ಬಂದು, ಹಿತ್ತಿಲ ಕಡೆಯ ಇಳಿಜಾರಿಗೆ ನೀಲಿ ಟಾರ್ಪಾಲು ಹೊದಿಸಿ, ಅಂಚಿಗೆ ಮರದ ಪಟ್ಟಿ ಹೊಡೆದು ಕಾಡಿಗೆ ಹೋದರು. ಹೆಂಗಸರು ಅಡುಗೆ ತಂದುಕೊಟ್ಟರು. ಪಾತ್ರೆಯ ತಳಕ್ಕೆ ಅವರವರ ಹೆಸರಿನ ಚೀಟಿ ಅಂಟಿತ್ತು. ಒಂದೊಂದೇ ತೊಳೆದು ವಾಪಸು ಕೊಟ್ಟು ಬಂದೆ. ಕೊಟ್ಟಲ್ಲೆಲ್ಲ ಕಾಫಿ ಕೊಟ್ಟರು, ಕೂರಿಸಿದರು. ಪಾತ್ರೆಗಳು ಮುಗಿದ ಮೇಲೆ ಯಾರ ಮನೆಗೂ ಹೋಗಲು ನೆವವಿರಲಿಲ್ಲ. ನಮ್ಮಲ್ಲಿಗೂ ಯಾರೂ ಬರಲಿಲ್ಲ.

ಆರ್ವಿಡ್ ಹುಟ್ಟಿದ್ದು ಈ ಮನೆಯಲ್ಲೇ. ಮನೆ ಕಟ್ಟಿದವನು ಅವನ ಅಪ್ಪ. ಗಣಿಯಲ್ಲಿ ದುಡಿದು, ಸಂಜೆ ಹೊತ್ತು ಹಲಗೆ ಕೊಯ್ದು ಕಟ್ಟಿದ್ದಂತೆ. ಆರ್ವಿಡ್ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ. ನಾನು ಅದಕ್ಕೂ ಮುಂಚೆ ಬಿಟ್ಟವಳು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಬರೆಯಲು ಏನಿಲ್ಲ.

ಚಳಿಗಾಲದಲ್ಲಿ ಅವನು ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಊರು ಏಳುವ ಮುಂಚೆ ರಸ್ತೆ ತೆರವಾಗಿರಬೇಕು. ಲಾರಿ ಹೋದಾಗ ಪಕ್ಕಕ್ಕೆ ಬೀಳುವ ಹಿಮ ಮನೆಗಳ ದಾರಿಯ ಬಾಯಿಗೆ ಗೋಡೆಯಂತೆ ನಿಲ್ಲುತ್ತದೆ. ಆರ್ವಿಡ್ ವಯಸ್ಸಾದವರ ಮನೆ ಬಂದಾಗ ಲಾರಿಯ ಮುಂದಿನ ಅಲಗನ್ನು ಓರೆ ಮಾಡಿ ಹಿಮವನ್ನು ಆಚೆಗೆ ತಳ್ಳುತ್ತಿದ್ದ. ಹಾಗೆ ಮಾಡಬಾರದೆಂದು ಮೇಲಿನವರು ಹೇಳಿದ್ದರು. ಅವನು ಹೂಂ ಎನ್ನುತ್ತಿದ್ದ, ಮಾಡುತ್ತಿದ್ದ. ಹೆಚ್ಚು ಮಾತಿನವನಲ್ಲ. ಯಾರಿಗೆ ಏನು ಬೇಕಾದರೂ ಮಾಡಿಕೊಡುವನು, ತಾನು ಮಾತ್ರ ಯಾರ ಕೈಯಿಂದಲೂ ಒಂದು ಮೊಳೆ ಹೊಡೆಸಿಕೊಳ್ಳುವವನಲ್ಲ. ಅದೊಂದು ಸೊಕ್ಕು ಅವನಿಗೆ. ಒಳ್ಳೆಯವನೇ. ಸೊಕ್ಕಿತ್ತು.

ಆ ಚಳಿಗಾಲ ಹೊಸಬ ಲಾರಿ ಓಡಿಸಿದ. ಬೆಳಗಿನ ಜಾವ ಅದೇ ಸದ್ದು ಬರುತ್ತಿತ್ತು. ಎದ್ದು ಕಾಫಿಗೆ ನೀರಿಡಲು ಕಾಲು ಕೆಳಗಿಡುತ್ತಿದ್ದೆ, ಆಮೇಲೆ ನೆನಪಾಗುತ್ತಿತ್ತು. ಹೊಸಬ ನಮ್ಮ ದಾರಿಗೆ ಗೋಡೆ ಕಟ್ಟಿ ಹೋಗುತ್ತಿದ್ದ. ಸಲಿಕೆ ಹಿಡಿದು ಒಬ್ಬಳೇ ಒಡೆಯುತ್ತಿದ್ದೆ. ಯಾರು ಬರುವವರಿದ್ದರು ಎಂದು ಒಡೆದೆನೋ ಗೊತ್ತಿಲ್ಲ.

ಹಿತ್ತಿಲ ಕಡೆ ಟಾರ್ಪಾಲು ಹಗಲೂ ರಾತ್ರಿ ಬಡಿದುಕೊಳ್ಳುತ್ತಿತ್ತು. ರಸ್ತೆ ಕಡೆ ಆರ್ವಿಡ್ ಹಾಕಿದ ಹಸಿರು ಮಾಡು ಹಿಮದ ಕೆಳಗಿತ್ತು. ಅದು ಅಲ್ಲಿದೆ ಎಂಬುದೊಂದು ಧೈರ್ಯ. ಅವನ ಬಟ್ಟೆ ಚರ್ಚಿಗೆ ಕೊಟ್ಟಿದ್ದೆ, ಬಂದೂಕು ರೂಡಿಗೆ ಕೊಟ್ಟಿದ್ದೆ. ಆದರೆ ಅವನು ಕೊನೆಯ ದಿನ ಕೈಯಾರೆ ಮಾಡಿದ್ದು ನನ್ನ ತಲೆಯ ಮೇಲಿತ್ತು. ನಾನು ಸಾಯುವವರೆಗೂ ಅದು ಹಾಗೇ ಇರಲಿ ಎಂದುಕೊಂಡೆ. ಬೇರೇನೂ ಬೇಕಿರಲಿಲ್ಲ.

ಜನವರಿಯಲ್ಲಿ ದೊಡ್ಡ ಗಾಳಿ ಬಂತು. ಹಿಮವನ್ನೆಲ್ಲ ಗುಡಿಸಿಕೊಂಡು ಹೋಯಿತು. ಬೆಳಿಗ್ಗೆ ಅಂಗಳದಲ್ಲಿ ಹಸಿರು ಹಾಳೆಗಳು ಬಿದ್ದಿದ್ದವು. ಮಾರ್ಚಿನಲ್ಲಿ ಹಿಮ ಕರಗಿದಾಗ ಮಲಗುವ ಕೋಣೆಯಲ್ಲಿ ತೊಟ್ಟಿಕ್ಕಿತು. ಆರ್ವಿಡ್ ಮಲಗುತ್ತಿದ್ದ ಮಗ್ಗುಲಿಗೇ. ಮಂಚ ಎಳೆದು ಬಾಗಿಲ ಬಳಿ ಹಾಕಿದೆ. ಬಕೆಟ್ ಇಟ್ಟೆ.

ಹಿಮ ಕರಗತೊಡಗಿದ ಮೇಲೆ ನಮ್ಮ ರಸ್ತೆಯ ಕೆಳಗಿನ ಮನೆಯ ಹಿಲ್ಮಾ ಒಮ್ಮೊಮ್ಮೆ ಕಾರಿನಲ್ಲಿ ಬರತೊಡಗಿದಳು. ಅವಳೂ ಗಂಡನನ್ನು ಕಳೆದುಕೊಂಡವಳು. ಬಾಯಿ ಜೋರು. ಒಂದು ದಿನ ಕೋಟು ತೆಗೆದಿಡಲು ಕೋಣೆಗೆ ಹೋದವಳು ಮಂಚಕ್ಕೆ ಎಡವಿದಳು.

“ಏನೇ ಇದು, ಮಂಚ ಬಾಗಿಲಿಗೆ ಅಡ್ಡ ಹಾಕಿದೀಯಾ?”

“ಸುಮ್ನೆ. ಒಂದು ಬದಲಾವಣೆ ಇರಲಿ ಅಂತ.”

ಅವಳು ಮೇಲೆ ನೋಡಿದಳು. ಹಳದಿ ಕಲೆ ಹರಡಿತ್ತು.

“ನಿನ್ನ ಬದಲಾವಣೆ ಮೇಲಿಂದ ತೊಟ್ಟಿಕ್ತಿದೆಯಲ್ಲೇ. ರೂಡಿಗೆ ಹೇಳಿದೀಯಾ?”

“ಇಲ್ಲ. ನೀನೂ ಹೇಳಬೇಡ.”

“ಆಯ್ತು,” ಎಂದಳು. ಮನೆ ಮುಟ್ಟುವಷ್ಟರಲ್ಲಿ ಹೇಳಿಯೇಬಿಟ್ಟಿದ್ದಳು.

ಮೇ ತಿಂಗಳಲ್ಲಿ ರೂಡಿ ಬಂದ. ಇಬ್ಬರು ಆಳು, ಏಣಿ, ಕಿತ್ತಿದ್ದನ್ನು ತುಂಬಲು ಒಂದು ಟ್ರೇಲರ್. ಮೊದಲ ದಿನ ಹಿತ್ತಿಲ ಕಡೆಯದನ್ನು ಹಲಗೆಯವರೆಗೂ ಕಿತ್ತು ಹೊಸದು ಹಾಕಿದರು. ಮರುದಿನ ಏಣಿಯನ್ನು ರಸ್ತೆ ಕಡೆಗೆ ತಂದರು. ನಾನು ಹೋಗಿ ಏಣಿಯ ಬುಡದಲ್ಲಿ ನಿಂತೆ.

“ಈ ಕಡೆ ಬೇಡ.”

“ಎಲ್ಸಿ, ಒಳಗೆ ನೀರು ಸೋರ್ತಿದೆ.”

“ಸೋರಲಿ. ಹಾರಿಹೋದ ಜಾಗಕ್ಕೆ ತೇಪೆ ಹಾಕು, ಸಾಕು. ಇದು ಅವನು ಹಾಕಿದ್ದು.”

“ಹಿಂದೆ ಹೊಸದು, ಮುಂದೆ ತೇಪೆ. ಊರಲ್ಲಿ ನಾನು ಮುಖ ಹೇಗೆ ತೋರಿಸಲಿ?”

“ನಿನ್ನ ಮುಖ ನೋಡೋಕೆ ಯಾರು ಕಾದಿದಾರೆ?”

ಆಳುಗಳು ಆ ಕಡೆ ತಿರುಗಿ ನಕ್ಕರು. ರೂಡಿ ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡ.

“ಮೇಲೆ ಹತ್ತಿ ನೋಡ್ತೀಯಾ? ನೋಡಿದ ಮೇಲೂ ಬೇಡ ಅಂದ್ರೆ ತೇಪೆ ಹಾಕಿ ಹೋಗ್ತೀನಿ. ಮಾತಾಡಲ್ಲ.”

ಅಷ್ಟು ವರ್ಷ ಈ ಮನೆಯಲ್ಲಿದ್ದೆ, ಮಾಡಿನ ಮೇಲೆ ಹತ್ತಿರಲಿಲ್ಲ. ಹತ್ತಿದೆ. ರೂಡಿ ಹಿಂದೆಯೇ ಬಂದ. ಮಾಡಿನ ನೆತ್ತಿಯ ಮೇಲೆ ಕೂತೆವು. ಅಲ್ಲಿಂದ ಸರೋವರ ಕಾಣುತ್ತದೆ. ಆರ್ವಿಡ್ ಅದನ್ನು ಎಂದೂ ಹೇಳಿರಲಿಲ್ಲ.

“ಕೈಹಾಕಿ ಎತ್ತಿ ನೋಡು,” ಎಂದ ರೂಡಿ.

ಒಂದು ಹಾಳೆಯ ಅಂಚು ಹಿಡಿದು ಎತ್ತಿದೆ. ಪಾತ್ರೆಯ ಮುಚ್ಚಳದ ಹಾಗೆ ಎದ್ದಿತು. ಕೆಳಗೆ ಅಂಟಬೇಕಾದ ಡಾಂಬರಿನ ಪಟ್ಟಿಯ ತುಂಬ ಧೂಳು, ಪೈನ್ ಮರದ ಎಲೆಕಡ್ಡಿ. ಪಕ್ಕದ್ದನ್ನು ಎತ್ತಿದೆ. ಅದೂ ಹಾಗೇ.

“ಈಗ ಬಿಸಿಲು ಬಂತಲ್ಲ. ಅಂಟಲ್ವಾ?”

“ಒಳಗೆ ಧೂಳು ಹೊಕ್ಕಿದೆ. ಇನ್ನು ಅಂಟಲ್ಲ.”

“ಕೆಳಗೆ ಟಾರು ಹಚ್ಚಿದ್ರೆ?”

“ಹಚ್ಚಬಹುದು. ಹಲಗೆ ಕೊಳೀತಿದೆಯಲ್ಲ, ಅದಕ್ಕೇನು ಹಚ್ತೀಯಾ? ಅಡಿಯಲ್ಲಿರೋ ಎರಡು ಹಾಸೂ ನೀರು ಕುಡಿದು ಕೂತಿವೆ. ತೂಕಕ್ಕೆ ತೊಲೆ ಬಾಗ್ತಿದೆ.” ನಾನು ಎತ್ತಿದ ಹಾಳೆಯ ಕೆಳಗೆ ಬೆರಳಿಟ್ಟ. “ಮೊಳೆ ನೋಡು ಆದ್ರೆ. ಒಂದೂ ಓರೆ ಇಲ್ಲ. ನನ್ನ ಹುಡುಗರು ಹೀಗೆ ಹೊಡೆಯಲ್ಲ. ಕೆಲಸ ಕೆಟ್ಟದ್ದಲ್ಲ ಎಲ್ಸಿ. ಚಳಿ ಕೆಟ್ಟದ್ದು.”

ನಾನು ಹೇಳಿರಲಿಲ್ವಾ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ.

ನನಗೆ ಆಗ ಸಿಟ್ಟು ಬಂತು. ರೂಡಿಯ ಮೇಲಲ್ಲ, ಸತ್ತವನ ಮೇಲೆ. ಮೇ ತಿಂಗಳವರೆಗೆ ಕಾಯಲು ಏನಾಗಿತ್ತು? ತಮ್ಮ ಬರುತ್ತೇನೆ ಎಂದಾಗ ಹೂಂ ಎನ್ನಲು ಏನಾಗಿತ್ತು? ಜಿಂಕೆ ಓಡಿಹೋಗುತ್ತಿತ್ತೇ? ಅವನು ಸತ್ತಾಗಿನಿಂದ ಅತ್ತಿದ್ದೆ, ಸಿಟ್ಟು ಮಾಡಿರಲಿಲ್ಲ. ಅಂದು ಮಾಡಿನ ಮೇಲೆ ಕೂತು, ಬದುಕಿದ್ದಾಗ ಬೈಯುತ್ತಿದ್ದ ಹಾಗೇ ಮನಸ್ಸಿನಲ್ಲಿ ಬೈದೆ. ಬೈದು ಮುಗಿಸಿದಾಗ ಅವನಿಲ್ಲ ಎನ್ನುವುದು ಪೂರ್ತಿ ತಿಳಿಯಿತು. ಬದುಕಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದ.

“ಕಿತ್ತು ಹಾಕು,” ಎಂದೆ.

ರೂಡಿ ಚಪ್ಪಟೆ ಸಲಿಕೆ ಹಿಡಿದು ಎದ್ದ. ಅಂಚಿಗೆ ಇಟ್ಟ. ಒತ್ತಲಿಲ್ಲ. ಇಟ್ಟುಕೊಂಡೇ ನಿಂತ. ತೋಳಿನಿಂದ ಮುಖ ಒರೆಸಿಕೊಂಡ. ಊರಿನ ಮಾಡೆಲ್ಲ ಕಿತ್ತವನು.

“ಏನಾಯ್ತೋ?”

“ಕಣ್ಣಿಗೆ ಧೂಳು.”

“ನಿನ್ನಿಂದ ಆಗಲ್ಲಾಂದ್ರೆ ಕೊಡಿಲ್ಲಿ.”

ಸಲಿಕೆ ಇಸಿದುಕೊಂಡೆ. ಮೇಲಿನ ಸಾಲಿನ ಕೆಳಗೆ ತೂರಿಸಿ ಒತ್ತಿದೆ. ಮೊಳೆ ಕಿರುಗುಟ್ಟಿದವು. ಅವನು ಹೊಡೆದದ್ದು ಗಟ್ಟಿಯಾಗಿಯೇ ಹೊಡೆದಿದ್ದ, ಸುಲಭಕ್ಕೆ ಬಿಡಲಿಲ್ಲ. ಬಿಟ್ಟಿತು. ಹಾಳೆ ಜಾರಿಕೊಂಡು ಹೋಗಿ ಅಂಗಳಕ್ಕೆ ಬಿತ್ತು. ಆ ಸಾಲು ಪೂರ್ತಿ ನಾನೇ ತೆಗೆದೆ. ಆಮೇಲೆ ಸೊಂಟ ಹಿಡಿಯಿತು. ಆಳುಗಳು ಹತ್ತಿ ಬಂದರು. ನಾನಿಳಿದು ಹೋಗಿ ಒಲೆಯಲ್ಲಿದ್ದ ಪಾಸ್ಟಿ ನೋಡಿದೆ. ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ ತುಂಬಿದ್ದೆ. ಮಾಡಿನ ಕೆಲಸಕ್ಕೆ ಬಂದವರಿಗೆ ಊಟ ಹಾಕದೆ ಕಳಿಸುವಂತಿಲ್ಲ. ಒಂದು ಬದಿ ಸ್ವಲ್ಪ ಕರಕಲಾಗಿತ್ತು. ಆದರೂ ಒಂದೂ ಉಳಿಯಲಿಲ್ಲ.

ಹಲಗೆ ಬರಿದಾದಾಗ ಒಬ್ಬ ಆಳು ಪೆನ್ಸಿಲ್ ತಂದುಕೊಟ್ಟ. ಮುಚ್ಚುವ ಮುಂಚೆ ಹಲಗೆಯ ಮೇಲೆ ಹೆಸರು ಬರೆಯುವ ರೂಢಿ ಇದೆ. “ಅವರ ಹೆಸರು ಬರೀತೀರಾ?” ಎಂದು ಕೇಳಿದ.

“ಹೆಸರು ಗೋರಿಯ ಕಲ್ಲಿನ ಮೇಲಿದೆ. ಸಾಕು,” ಎಂದೆ.

ಹಸಿರು ಬಣ್ಣದ್ದು ಅಂಗಡಿಯಲ್ಲಿ ಸಿಗಲಿಲ್ಲ. ಕಂದು ಹಾಕಿದರು. ಚೆನ್ನಾಗಿದೆ. ಮಳೆ ಬಂತು, ಸೋರಲಿಲ್ಲ. ಮಂಚವನ್ನು ಮೊದಲಿನ ಜಾಗಕ್ಕೆ ಎಳೆದೆ. ಟಾರ್ಪಾಲು ಹೋಯಿತು, ತೊಟ್ಟಿಕ್ಕುವುದೂ ನಿಂತಿತು. ಮನೆಯಲ್ಲಿ ಈಗ ಸದ್ದೇ ಇಲ್ಲ. ಟಾರ್ಪಾಲಿನ ಸದ್ದೇ ವಾಸಿಯಿತ್ತೇನೋ ಅನ್ನಿಸುತ್ತದೆ ಒಮ್ಮೊಮ್ಮೆ.

ಹೋಗುವಾಗ ರೂಡಿ ಚಕ್ರದ ಮೇಲೆ ಉರುಳುವ ಅಯಸ್ಕಾಂತವನ್ನು ಅಂಗಳದಲ್ಲೆಲ್ಲ ಓಡಿಸಿ, ಬಿದ್ದ ಮೊಳೆಗಳನ್ನು ಹೆಕ್ಕಿದ್ದ. ಆದರೂ ಮೂರು ಹಾಸಿನ ಮೊಳೆ. ಹುಲ್ಲಿನೊಳಗೆ, ಜಲ್ಲಿಯೊಳಗೆ ಎಷ್ಟೋ ಉಳಿದವು. ಮುಂದಿನ ವಾರ ಹಿಲ್ಮಾ ಬಂದಳು. ಕಾಫಿ ಕುಡಿದು ಹೊರಟಾಗ ಕಾರು ಒಂದು ಕಡೆ ವಾಲಿತ್ತು. ಟೈರಿನಲ್ಲಿ ಮೊಳೆ.

“ನಿಮ್ಮನೆ ಕಾಫಿ ದುಬಾರಿ ಕಣೇ ಎಲ್ಸಿ,” ಎಂದು ನಕ್ಕಳು. ಆಮೇಲೆ ಬಹಳ ದಿನ ಬರಲಿಲ್ಲ. ಮಂಡಿ ನೋವು ಎಂದಳು. ಇದ್ದರೂ ಇರಬಹುದು.

ರೂಡಿಗೆ ಹೇಳಿ ಆ ಅಯಸ್ಕಾಂತವನ್ನು ಇಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಎದ್ದು, ಕಾಫಿಗೆ ಮುಂಚೆ, ರಸ್ತೆಯಿಂದ ಮೆಟ್ಟಿಲವರೆಗೆ ಒಮ್ಮೆ ಉರುಳಿಸುತ್ತೇನೆ. ಕಾರು ನಿಲ್ಲುವ ಕಡೆ ಎರಡು ಸಲ. ನೆಲ ಹೆಪ್ಪುಗಟ್ಟಿ ಮತ್ತೆ ಸಡಿಲವಾದಾಗಲೆಲ್ಲ ಮೊಳೆ ಮೇಲೆ ಬರುತ್ತವೆ. ಕೆಲವು ದಿನ ಒಂದೋ ಎರಡೋ ಸಿಗುತ್ತವೆ, ಕೆಲವು ದಿನ ಏನೂ ಇಲ್ಲ. ಸಿಕ್ಕಿದ್ದನ್ನು ಬಿಡಿಸಿ ಕಸಕ್ಕೆ ಹಾಕುತ್ತೇನೆ. ಹಿಲ್ಮಾ ಇಂದು ಬರುತ್ತಾಳೋ ಇಲ್ಲವೋ. ಬಂದರೆ ದಾರಿ ಸರಿಯಿರಬೇಕು.