ದೊರೆಗೆ ಹೊತ್ತು ಹೋಗುತ್ತಿಲ್ಲ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಫೋನೆತ್ತುತ್ತಿದ್ದ ಆಕೆಗೆ ಅಲ್ಲಿನವರು ಇಟ್ಟ ಹೆಸರು ದೂರಮ್ಮ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯ ತನಕ ಊರಿನವರ ಬೈಗುಳವೆಲ್ಲ ಮೊದಲು ಬೀಳುವುದು ಅವಳ ಕಿವಿಗೆ. ನಲ್ಲಿಯಲ್ಲಿ ನೀರಿಲ್ಲ, ಬಂದರೂ ಕೆಂಪಗಿದೆ, ಪೈಪು ಒಡೆದು ಬೀದಿಯೆಲ್ಲ ಹೊಳೆಯಾಗಿದೆ. ಏನೇ ಬರಲಿ, ಅವಳ ದನಿ ಮಾತ್ರ ಒಂದೇ ಸಮ: “ಹೇಳಿ, ಬರ್ಕೋತಾ ಇದೀನಿ.” ಅರಚುತ್ತಾ ಶುರು ಮಾಡಿದವರು ಮೂರನೇ ನಿಮಿಷಕ್ಕೆ ತಮ್ಮ ಮಂಡಿನೋವಿನ ಕಥೆ ಹೇಳಿಕೊಳ್ಳತೊಡಗುತ್ತಿದ್ದರು. ಪೈಪು ರಿಪೇರಿ ಅವಳ ಕೈಯಲ್ಲಿರಲಿಲ್ಲ. ಕೇಳಿಸಿಕೊಳ್ಳುವುದಷ್ಟೇ ಅವಳ ಕೆಲಸ, ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು.

ಅವಳು ಮತ್ತು ಅವಳಕ್ಕ ಇಬ್ಬರೇ ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ಅಕ್ಕ ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಯಂತ್ರದ ಕೆಳಗೆ, ತುಳಿಯುವ ಪಾದಗಳಿಗೆ ಮೂತಿ ತಾಗಿಸಿಕೊಂಡು, ಕಂದು ಬಣ್ಣದ ಒಂದು ನಾಯಿ ಇಡೀ ದಿನ ಮಲಗಿರುತ್ತಿತ್ತು. ಆರು ವರ್ಷದ ಹಿಂದೆ ಮೆಟ್ಟಿಲ ಕೆಳಗೆ ಸಿಕ್ಕ ಮರಿ ಅದು. ಬಂದ ಮೊದಲ ದಿನವೇ ಮನೆಯಲ್ಲಿದ್ದ ಒಂದೇ ಮೆತ್ತನೆಯ ಕುರ್ಚಿ ಹತ್ತಿ ಕೂತು, ಇಳಿ ಅಂದರೆ ಬೇರೆ ಕಡೆ ನೋಡಿತ್ತು. ಹಾಗಾಗಿ ದೊರೆ ಅಂತಲೇ ಕರೆದರು. ದೂರಮ್ಮನಿಗೆ ದೊರೆಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಸಂಜೆ ಬಂದಾಗ ಅದು ಒಂದು ಸಲ ಬಾಲ ಆಡಿಸುತ್ತಿತ್ತು, ಇವಳು ಒಂದು ಸಲ ತಲೆ ತಟ್ಟುತ್ತಿದ್ದಳು. ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಹೀಗಿರುವಾಗ ಅಕ್ಕನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಮದುವೆ ಗೊತ್ತಾಯಿತು. ಕನ್ನಡಕದಂಗಡಿಯವರೊಬ್ಬರು ಅಂಗಡಿಗೆ ಪರದೆ ಹೊಲಿಸಲು ಬಂದು, ಅಳತೆ ತಪ್ಪು ಕೊಟ್ಟು, ಮತ್ತೆ ಬಂದು, ಮತ್ತೂ ತಪ್ಪು ಕೊಟ್ಟರು. ಮೂರನೇ ಸಲ ಬಂದಾಗ ಅಕ್ಕ ಟೇಪು ಹಿಡಿದುಕೊಂಡು ತಾನೇ ಹೊರಟಳು. ಅಲ್ಲಿಂದ ಎಂಟು ತಿಂಗಳಿಗೆ ಮದುವೆ. ದೂರಮ್ಮ ಮನಸಾರೆ ಓಡಾಡಿ ಎಲ್ಲವನ್ನೂ ಮಾಡಿದಳು. ಒಂದೇ ಒಂದು ತೊಡಕಿತ್ತು. ಭಾವನಿಗೆ ಉಬ್ಬಸ. ನಾಯಿಯ ಒಂದು ಕೂದಲು ಮೂಗಿಗೆ ಹೋದರೂ ಆಸ್ಪತ್ರೆಯೇ ಗತಿ.

“ನಿನ್ನ ಹತ್ರ ಇರ್ಲಿ ಕಣೇ ಪುಟ್ಟಿ,” ಅಂದಳು ಅಕ್ಕ. ನಲವತ್ತಾರಾದರೂ ದೂರಮ್ಮ ಅವಳಿಗೆ ಪುಟ್ಟಿಯೇ. “ಅದಕ್ಕೇನು ಬೇಕು? ಒಂದು ತಟ್ಟೆ ಅನ್ನ, ಒಂದು ಮೂಲೆ.”

ಭಾನುವಾರ ಅಕ್ಕನ ಬಟ್ಟೆಬರೆಯ ಜೊತೆ ಹೊಲಿಗೆ ಯಂತ್ರವೂ ಟೆಂಪೋ ಹತ್ತಿತು. ಸೋಮವಾರ ಬೆಳಿಗ್ಗೆ ದೂರಮ್ಮ ದೊರೆಗೆ ಊಟ ಹಾಕಿ, ನೀರಿಟ್ಟು, ಬೀಗ ಜಡಿದು ಆಫೀಸಿಗೆ ಹೋದಳು.

ಸಂಜೆ ಬಂದು ಬಾಗಿಲು ತೆಗೆದರೆ ಮನೆಯೊಳಗೆ ಹಿಮ ಬಿದ್ದಂತಿತ್ತು. ಎರಡು ದಿಂಬಿನ ಹತ್ತಿ ಕೋಣೆಯಿಂದ ಕೋಣೆಗೆ ಹಾರಾಡುತ್ತಿತ್ತು. ಬಾಗಿಲಿನ ಒಳಮೈಯ ಬಣ್ಣವನ್ನು ನಾಯಿ ಉಗುರಿನಿಂದ ಮೊಳದುದ್ದ ಕೆರೆದು ಹಾಕಿತ್ತು. ಅನ್ನದ ತಟ್ಟೆ ಇಟ್ಟ ಹಾಗೇ ಇತ್ತು. ದೊರೆ ಅವಳ ಮೇಲೆ ಹಾರಿ, ಅವಳ ಕೈಚೀಲಕ್ಕೆ ಮೂತಿ ಹಾಕಿ, ಅವಳನ್ನು ದಾಟಿ ಮೆಟ್ಟಿಲ ತನಕ ಓಡಿ, ಹಿಂದೆ ಇನ್ಯಾರೂ ಬರುತ್ತಿಲ್ಲ ಅನ್ನುವುದನ್ನು ಖಚಿತ ಮಾಡಿಕೊಂಡು, ತಲೆ ತಗ್ಗಿಸಿ ಒಳಗೆ ಬಂದಿತು.

ಹತ್ತಿ ಗುಡಿಸುತ್ತಿರುವಾಗ ಕೆಳಗಿನ ಮನೆಯ ನರ್ಸು ಬಂದು ನಿಂತಳು. ಮೂವತ್ತೈದರ ಆಸುಪಾಸಿನ ಹೆಂಗಸು, ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದರೆ ಸಂಜೆ ಐದಕ್ಕೆ ಏಳಬೇಕಾದವಳು. ಅವಳ ಕಣ್ಣು ಕೆಂಡದ ಹಾಗಿತ್ತು.

“ಅಕ್ಕಾ, ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ನಿಮ್ಮ ನಾಯಿ ಒಂಬತ್ತಕ್ಕೆ ಊಳಿಡೋಕೆ ಶುರು ಮಾಡಿದ್ದು ಎರಡು ಗಂಟೆ ತನಕ ನಿಲ್ಲಿಸ್ಲಿಲ್ಲ. ಒಂದೇ ರಾಗ. ರಾತ್ರಿಯೆಲ್ಲ ಹನ್ನೆರಡು ರೋಗಿಗಳನ್ನ ನೋಡ್ಕೊಂಡು ಬಂದಿರ್ತೀನಿ. ನಿದ್ದೆಗಣ್ಣಲ್ಲಿ ಯಾರಿಗಾದ್ರೂ ತಪ್ಪು ಇಂಜೆಕ್ಷನ್ ಕೊಟ್ರೆ?”

ದೂರಮ್ಮನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: “ಹೇಳಿ, ಬರ್ಕೋತಾ ಇದೀನಿ.”

ನರ್ಸು ಪಿಳಿಪಿಳಿ ನೋಡಿದಳು. ದೂರಮ್ಮನ ಮುಖ ಕೆಂಪೇರಿತು. “ಕ್ಷಮಿಸಿ ಸಿಸ್ಟರ್, ಅಭ್ಯಾಸ. ಏನಾದ್ರೂ ಮಾಡ್ತೀನಿ.”

ಏನು ಮಾಡುವುದು ಅನ್ನುವುದೇ ತಿಳಿಯದೆ ಅವಳು ಸಿಕ್ಕಿದ್ದನ್ನೆಲ್ಲ ಮಾಡಿದಳು. ಕೀ ಕೊಟ್ಟರೆ ಉರುಳುವ ಚೆಂಡು ತಂದಳು. ಅಗಿಯಲು ರಬ್ಬರ್ ಮೂಳೆ ತಂದಳು. ಹಳೇ ಟವಲಿನ ಮಡಿಕೆಗಳಲ್ಲಿ ಬೇಯಿಸಿದ ಕೋಳಿಯ ಐದು ಚೂರು ಅಡಗಿಸಿ, ಸುರುಳಿ ಸುತ್ತಿ, ಮೂಸಿ ಮೂಸಿ ಹುಡುಕಿಕೊಳ್ಳಲಿ ಎಂದು ಮೂಲೆಯಲ್ಲಿಟ್ಟಳು. ರಟ್ಟಿನ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಬಿಸ್ಕತ್ತು. ರೇಡಿಯೋ ಹಚ್ಚಿಟ್ಟಳು. ಕಿಟಕಿಯ ಹತ್ತಿರಕ್ಕೆ ಮೆತ್ತನೆಯ ಕುರ್ಚಿ ಎಳೆದು, ಬೀದಿ ನೋಡಿಕೊಂಡಿರಲಿ ಎಂದು ಪರದೆ ಸರಿಸಿದಳು. ಆಫೀಸಿಗೆ ಹೊರಡುವ ಮುನ್ನ ಮುಕ್ಕಾಲು ಗಂಟೆ ಇದೇ ಕೆಲಸ. ಪರೀಕ್ಷೆಗೆ ಹೋಗುವವರಿಗೆ ಪೆನ್ನು, ಪೆನ್ಸಿಲು ಜೋಡಿಸಿಕೊಟ್ಟ ಹಾಗೆ.

ಸಂಜೆ ಬಂದರೆ ಎಲ್ಲವೂ ಇಟ್ಟ ಜಾಗದಲ್ಲೇ. ಟವಲು ಬಿಚ್ಚಿಲ್ಲ, ಡಬ್ಬಿ ಹರಿದಿಲ್ಲ. ಇವಳು ಚಪ್ಪಲಿ ಬಿಟ್ಟು ಕೂತ ಮೇಲೆ ದೊರೆಗೆ ಎಲ್ಲಿಲ್ಲದ ಹುಮ್ಮಸ್ಸು ಬರುತ್ತಿತ್ತು. ಟವಲು ಎಳೆದಾಡಿ ಕೋಳಿ ತಿನ್ನುವುದೇನು, ಡಬ್ಬಿ ಸೀಳುವುದೇನು, ಚೆಂಡನ್ನು ಅವಳ ಕಾಲಿಗೇ ತಂದು ಹಾಕುವುದೇನು! ಹಗಲಿಗೆಂದು ಮಾಡಿಟ್ಟ ಆಟವೆಲ್ಲ ಶುರುವಾಗುವುದೇ ಅವಳು ಬಂದ ಮೇಲೆ. ದೂರಮ್ಮ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದಳು. “ಅಲ್ಲಯ್ಯಾ ದೊರೆ, ಇದನ್ನೇ ಬೆಳಿಗ್ಗೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ನಾಯಿ ಡಾಕ್ಟರು ಕಿವಿ, ಹಲ್ಲು, ಹೊಟ್ಟೆ ಎಲ್ಲ ನೋಡಿ, ಕಾಯಿಲೆ ಏನಿಲ್ಲ ಅಂದರು. “ಹೆದರಿಕೊಂಡಿದೆ. ಹೆದರಿದಾಗ ಯಾರಿಗೆ ತಾನೇ ತಿನ್ನೋಕೆ ಮನಸ್ಸು ಬರುತ್ತೆ? ಒಂದು ನಿಮಿಷ ಆಚೆ ಹೋಗಿ ಬನ್ನಿ. ಆಮೇಲೆ ಎರಡು ನಿಮಿಷ. ನಿಧಾನವಾಗಿ ಹೆಚ್ಚಿಸಿ.”

ದೂರಮ್ಮ ಶನಿವಾರ ಸಂಜೆ, ಭಾನುವಾರ ಪೂರ್ತಿ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡುವುದು, ಒಳಗೆ ಹೋಗುವುದು, ಮತ್ತೆ ಬರುವುದು. ಎದುರು ಮನೆಯವರು ಕೀಲಿ ಕೆಟ್ಟಿದೆಯೇನೋ ಎಂದು ಎಣ್ಣೆ ಡಬ್ಬಿ ತಂದುಕೊಟ್ಟರು. ಭಾನುವಾರ ಕತ್ತಲಾಗುವ ಹೊತ್ತಿಗೆ ದೊರೆ ಏಳು ನಿಮಿಷ ಸುಮ್ಮನಿತ್ತು. ಎಂಟನೆಯದರಲ್ಲಿ ಊಳಿಟ್ಟಿತು. ಸೋಮವಾರ ಅವಳು ಒಂಬತ್ತೂಕಾಲು ಗಂಟೆ ಬಿಟ್ಟಿರಬೇಕು. ಈ ವೇಗದಲ್ಲಿ ದೊರೆ ಇಡೀ ದಿನಕ್ಕೆ ತಯಾರಾಗುವಷ್ಟರಲ್ಲಿ ತಾನು ನಿವೃತ್ತಿಯಾಗಿ ಮನೆಯಲ್ಲೇ ಕೂತಿರುತ್ತೇನೆ ಎಂದುಕೊಂಡಳು.

ಮೂರನೇ ವಾರದ ಗುರುವಾರ ರಜೆ ಹಾಕಿದಳು. ದೊರೆ ಹಗಲೆಲ್ಲ ಏನು ಮಾಡುತ್ತದೆ ಎನ್ನುವುದನ್ನು ಒಮ್ಮೆ ತಾನೇ ಕೇಳಿಬಿಡಬೇಕು ಅನ್ನಿಸಿತ್ತು. ಆಫೀಸಿಗೆ ಹೊರಟವಳ ಹಾಗೇ ಸೀರೆಯುಟ್ಟು, ಚೀಲ ಹೆಗಲಿಗೇರಿಸಿ, ಬೀಗ ಹಾಕಿ, ಧಡಧಡ ಕೆಳಗಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಹೆಜ್ಜೆಯಲ್ಲಿ ಮೇಲೆ ಬಂದು ಬಾಗಿಲ ಪಕ್ಕದ ಮೆಟ್ಟಿಲಲ್ಲಿ ಕೂತಳು.

ಒಳಗೆ ಮೊದಲು ಉಗುರಿನ ಸದ್ದು. ಟಕಟಕಟಕ, ಮುಂದಿನ ಕೋಣೆ. ಟಕಟಕಟಕ, ಹಿಂದಿನ ಕೋಣೆ. ಆಮೇಲೆ ಯಂತ್ರವಿದ್ದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಶುರು. ಅದು ಯಾರನ್ನು ಹುಡುಕುತ್ತಿದೆ ಎನ್ನುವುದು ಅವಳಿಗೆ ಗೊತ್ತು. ಕೆಲಸ ಮುಗಿಸಿ ಮನೆಗೆ ಬಂದು ಬಾಗಿಲು ತೆಗೆದಾಗ ಅವಳೂ ಒಂದು ಕ್ಷಣ ಆ ಮೂಲೆಯತ್ತಲೇ ನೋಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ನಂತರ ಊಳು ಶುರುವಾಯಿತು. ಕೆಳಗೆ ಮಲಗಿದವಳ ನೆನಪಾಗಿ ದೂರಮ್ಮನಿಗೆ ಜೀವ ಹಿಡಿಯಷ್ಟಾಯಿತು. ಎರಡೇ ನಿಮಿಷದಲ್ಲಿ ಊಳು ತಟ್ಟನೆ ನಿಂತಿತು. ಬಾಗಿಲ ಕೆಳಗಿನ ಸಂದಿನಿಂದ ಬುಸ್ ಬುಸ್ ಎಂದು ಉಸಿರು ಬಂತು. ಕಪ್ಪು ಮೂಗಿನ ತುದಿ ಕಂಡಿತು. ಅವಳು ಅಲ್ಲೇ ಇರುವುದು ದೊರೆಗೆ ಗೊತ್ತಾಗಿಬಿಟ್ಟಿತ್ತು.

ಈಗ ಒಳಗೆ ಹೋದರೆ, ಊಳಿಟ್ಟರೆ ಬರುತ್ತಾರೆ ಎಂದು ಅದಕ್ಕೆ ಕಲಿಸಿದ ಹಾಗೆ. ಡಾಕ್ಟರು ಹಾಗೆ ಮಾಡಲೇಬೇಡಿ ಅಂದಿದ್ದರು. ಎದ್ದು ಹೋದರೆ ಮತ್ತೆ ಊಳು. ಕೂತೇ ಇದ್ದರೆ ಮಾತ್ರ ಮೌನ. ಹಾಗಾಗಿ ಕೂತಳು. ಹತ್ತಾಯಿತು, ಹನ್ನೊಂದಾಯಿತು. ಸೊಂಟ ಹಿಡಿದುಕೊಂಡಿತು. ಒಮ್ಮೆ ಏಳಲು ನೋಡಿದಳು, ಸಂದಿನಲ್ಲಿ ಉಸಿರು ಜೋರಾಯಿತು, ಮತ್ತೆ ಕೂತಳು. ಡಬ್ಬಿ ಬಿಚ್ಚಿ ಊಟವನ್ನೂ ಅಲ್ಲೇ ಮಾಡಿದಳು.

ಒಂದೂವರೆಗೆ ನರ್ಸು ಕಸದ ಬುಟ್ಟಿ ಹಿಡಿದು ಮೇಲೆ ನೋಡಿದಳು. “ಅಯ್ಯೋ, ಬೀಗದ ಕೈ ಕಳ್ಕೊಂಡ್ರಾ?”

“ಇಲ್ಲ. ಕೀ ನನ್ನ ಕೈಯಲ್ಲೇ ಇದೆ,” ಅಂದಳು ದೂರಮ್ಮ. “ಒಳಗೆ ಹೋಗೋ ಹಾಗಿಲ್ಲ, ಬಿಟ್ಟು ಹೋಗೋ ಹಾಗೂ ಇಲ್ಲ ಸಿಸ್ಟರ್.”

ನರ್ಸು ಬುಟ್ಟಿ ಕೆಳಗಿಟ್ಟು, ಬಂದು ಪಕ್ಕದಲ್ಲಿ ಕೂತಳು. ಸಂದಿನಲ್ಲಿದ್ದ ಮೂಗು ಹೊಸ ವಾಸನೆಯತ್ತ ತಿರುಗಿತು. “ನಾಳೆ ನನ್ನ ಕೋಣೆಗೇ ಬಿಡಿ. ಮನುಷ್ಯರು ಇದ್ರೆ ಸಾಕೋ ಏನೋ, ನೋಡೋಣ.”

ಬಿಟ್ಟು ನೋಡಿದರು. ದೊರೆ ಅಲ್ಲಿಯೂ ಊಳಿಟ್ಟಿತು. ವ್ಯತ್ಯಾಸವೆಂದರೆ ಮೊದಲು ಛಾವಣಿಯ ಮೇಲಿಂದ ಕೇಳುತ್ತಿತ್ತು, ಈಗ ಮಂಚದ ಪಕ್ಕದಲ್ಲೇ. ಮಧ್ಯಾಹ್ನ ನರ್ಸು ಆಫೀಸಿಗೆ ಫೋನ್ ಮಾಡಿದಳು. ದೂರಮ್ಮ ಎತ್ತಿ “ನೀರು ಸರಬರಾಜು, ಹೇಳಿ,” ಅಂದರೆ ಆ ಕಡೆಯಿಂದ ಮಾತಿಲ್ಲ. ಉದ್ದನೆಯ ಒಂದು ಊಳು ಮಾತ್ರ ಕೇಳಿತು. ಪಕ್ಕದ ಮೇಜಿನವರು “ಯಾವ ಏರಿಯಾ ದೂರಮ್ಮ?” ಎಂದು ಕೇಳಿದರು. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಆ ರಾತ್ರಿ ಊಟದ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. ತಾನು ಮಾತಾಡಿದರೆ ಸಮಾಧಾನವಾಗಬಹುದು ಎಂದು ಸ್ಪೀಕರ್ ಹಾಕಿಸಿದಳು. “ದೊರೇ, ಏನೋ ಮರೀ, ಯಾಕೋ ಅಳ್ತೀಯಂತೆ?” ದೊರೆ ಚಂಗನೆ ಎದ್ದಿತು. ಫೋನಿನತ್ತ ಬರಲಿಲ್ಲ. ಮಂಚದ ಕೆಳಗೆ, ಬಚ್ಚಲಲ್ಲಿ, ಅಡಿಗೆಮನೆಯಲ್ಲಿ, ಬೀರುವಿನ ಹಿಂದೆ ಹುಡುಕಿತು. ಕಡೆಗೆ ಯಂತ್ರವಿದ್ದ ಮೂಲೆಯ ಬರಿ ನೆಲದ ಮೇಲೆ ಹೊಟ್ಟೆಯೂರಿ ಮಲಗಿ ನಡುಗತೊಡಗಿತು. ದೂರಮ್ಮ ಸ್ಪೀಕರ್ ಆರಿಸಿದಳು.

“ಏನ್ ಮಾಡ್ದ?” ಅಕ್ಕ ಕೇಳಿದಳು.

“ಬಾಲ ಆಡಿಸ್ದ.”

ತಂಗಿಯ ಈ ಸುಳ್ಳು ದನಿ ಅಕ್ಕನಿಗೆ ಹೊಸದಲ್ಲ. “ಪುಟ್ಟೀ, ನಾನು ವಾಪಸ್ ಬಂದ್‌ಬಿಡ್ಲಾ? ಇವರಿಗೆ ಹೇಳಿದ್ರೆ ಬೇಜಾರು ಮಾಡ್ಕೊಳಲ್ಲ. ಒಂದೆರಡು ತಿಂಗಳು.”

ದೂರಮ್ಮನ ನಾಲಿಗೆಯ ತುದಿಗೆ ‘ಬಾ’ ಅನ್ನುವ ಮಾತು ಬಂದು ನಿಂತಿತು. ನಾಯಿಗಾಗಿ ಬಾ ಅಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಮದುವೆಯ ದಿನ ಅಕ್ಕ ನಕ್ಕ ನಗು ಅವಳ ಕಣ್ಣ ಮುಂದಿತ್ತು. ಮೂವತ್ತು ವರ್ಷದಲ್ಲಿ ಹಾಗೆ ನಕ್ಕಿದ್ದನ್ನು ಅವಳು ನೋಡಿರಲಿಲ್ಲ. “ನಿನಗೆ ತಲೆ ಸರಿ ಇದೆಯೇನೇ?” ಅಂದಳು. “ಒಂದು ನಾಯಿ ನೋಡ್ಕೊಳೋಕೆ ಆಗಲ್ವಾ ನನಗೆ?” ಫೋನಿಟ್ಟು, ನಡುಗುತ್ತಿದ್ದ ದೊರೆಯ ಪಕ್ಕದಲ್ಲಿ ಆ ಬರಿ ನೆಲದ ಮೇಲೆಯೇ ಕೂತಳು. ಅದನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯಲಿಲ್ಲ. ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು, ಅಷ್ಟೆ.

ಹೀಗೇ ಎರಡೂವರೆ ತಿಂಗಳು ಕಳೆಯಿತು. ನರ್ಸು ಕಿವಿಗೆ ಮೇಣದ ಬಿರಡೆ ಹಾಕಿಕೊಂಡಳು. ದೂರಮ್ಮ ಪ್ರತಿದಿನ ಟವಲು ಸುತ್ತಿಟ್ಟಳು, ಪ್ರತಿದಿನ ಸಂಜೆ ಹಾಗೇ ಎತ್ತಿದಳು. ಊಳು ದಿನಕ್ಕೆ ಐದು ಗಂಟೆಯಿಂದ ಮೂರಕ್ಕೆ ಬಂತು, ಒಂದು ವಾರ ಮತ್ತೆ ಐದಕ್ಕೇರಿತು, ಆಮೇಲೆ ಒಂದಕ್ಕಿಳಿಯಿತು. ಯಾಕೆ ಏರಿತು, ಯಾಕೆ ಇಳಿಯಿತು ಎಂದು ಯಾರಿಗೂ ಹೇಳಲಾಗಲಿಲ್ಲ.

ಒಂದು ಬುಧವಾರ ಸಂಜೆ ಬಾಗಿಲು ತೆಗೆದರೆ ಯಾರೂ ಮೇಲೆ ಹಾರಲಿಲ್ಲ. ಚೀಲ ಬಿಸಾಡಿ ಒಳಗೆ ಓಡಿದಳು. ದೊರೆ ಕಿಟಕಿಯ ಕುರ್ಚಿಯಲ್ಲಿ ನಿದ್ದೆ ಹೋಗಿತ್ತು. ಒಂದು ಕಣ್ಣು ತೆರೆದು ನೋಡಿ, ಬಾಲವನ್ನು ಎರಡು ಸಲ ಕುರ್ಚಿಗೆ ಬಡಿದು, ಮತ್ತೆ ಮುಚ್ಚಿತು. ನೆಲದ ಮೇಲೆ ಟವಲು ಅರ್ಧ ಬಿಚ್ಚಿಕೊಂಡಿತ್ತು. ಐದು ಚೂರಿನಲ್ಲಿ ಎರಡು ಕಾಣಿಸುತ್ತಿರಲಿಲ್ಲ.

ಅವಳು ಕೆಳಗೋಡಿ ನರ್ಸಿನ ಬಾಗಿಲು ಬಡಿದಳು. “ಇವತ್ತು ಅಳ್ಲಿಲ್ವಾ?”

“ಇಲ್ಲ ಅಕ್ಕಾ. ಈಗ ಅಳುತ್ತೆ, ಇನ್ನೇನು ಅಳುತ್ತೆ ಅಂತ ಕಾಯ್ತಾ ಕಾಯ್ತಾ ನನಗೆ ಒಂದು ನಿಮಿಷ ನಿದ್ದೆ ಬರ್ಲಿಲ್ಲ.” ಇಬ್ಬರೂ ಬಾಗಿಲು ಹಿಡಿದುಕೊಂಡು ನಕ್ಕರು.

ಮೇಲೆ ಬಂದ ದೂರಮ್ಮನಿಗೆ ಏನೋ ಬರಿದಾದಂತಾಯಿತು. ಸಂತೋಷವೇ ಹೌದು, ಆದರೆ ಮೈಮೇಲೆ ಹಾರುವ ಭಾರಕ್ಕೆ ಅವಳ ಮೈ ಒಗ್ಗಿಹೋಗಿತ್ತು. ಚಪ್ಪಲಿ ಬಿಡುವಾಗ ಎರಡು ಸಲ ಸದ್ದು ಮಾಡಿ ನೋಡಿದಳು. ದೊರೆ ಮಗ್ಗುಲು ಬದಲಿಸಿತು.

ಏಳು ಗಂಟೆಗೆ ಅಕ್ಕನ ಫೋನು ಬಂತು. ದೂರಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಟವಲು, ಕುರ್ಚಿ, ನರ್ಸಿನ ಮಾತು. ಅಕ್ಕ “ಸದ್ಯ, ಬದುಕಿದ್ವಿ,” ಅಂದಳು. ಆಮೇಲೆ ಅವಳ ದನಿ ಸಣ್ಣದಾಯಿತು.

“ಹಾಗಾದ್ರೆ ಮರೆತ ಅನ್ನು ನನ್ನ.”

ದಿನಕ್ಕೆ ಎಂಬತ್ತು ಜನರನ್ನು ಸಮಾಧಾನ ಮಾಡುವವಳಿಗೆ ಈಗ ಇಲ್ಲ ಅಂದರೂ ತಪ್ಪು, ಹೌದು ಅಂದರೂ ತಪ್ಪು. “ಒಲೆ ಮೇಲೆ ಹಾಲಿಟ್ಟಿದೀನಿ ಅಕ್ಕ, ಉಕ್ಕುತ್ತೆ,” ಎಂದು ಫೋನಿಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ.